ಶಿವಾಜಿನಗರದ ತಂಗಿಗೆ, ವಿಮಾನ ಹತ್ತುವ ಮುನ್ನ

ಆಗಸ್ಟ್‌ನಲ್ಲಿ ಸಂಖ್ಯಾಶಾಸ್ತ್ರದ ಪಿಎಚ್‌.ಡಿ.ಗೆಂದು ಅಮೆರಿಕಕ್ಕೆ ಹೊರಟಿದ್ದೀಯ. ಗಣಿತ ಓದುವ ಅಲ್ಪಸಂಖ್ಯಾತ ಹೆಣ್ಣುಮಕ್ಕಳಿಗೆ ಅಲ್ಲಿ ಒಳ್ಳೆಯ ಬೆಂಬಲವಿದೆಯಂತೆ, ನನಗೂ ಸಿಗುತ್ತದೆಯೇ, ಬದುಕು ಹೇಗಿರುತ್ತದೆ ಎಂದು ಕೇಳಿದ್ದೀಯ. ಅಕ್ಕ ಎಂದು ಕರೆದಿರುವುದರಿಂದ ಬಹುವಚನ ಬಿಟ್ಟು ಬರೆಯುತ್ತೇನೆ.

ಮೊದಲು ಆ ಪದ. ನಮ್ಮಲ್ಲಿ ಅಲ್ಪಸಂಖ್ಯಾತರು ಎಂದರೆ ಧರ್ಮದ ಲೆಕ್ಕ, ನಾಡಕಚೇರಿಯ ಪ್ರಮಾಣಪತ್ರ. ಅಲ್ಲಿ ಗಣಿತ-ವಿಜ್ಞಾನದ ಮಟ್ಟಿಗೆ ಆ ಲೆಕ್ಕಕ್ಕೆ ಬರುವವರು ಕಪ್ಪು ಜನ, ಲ್ಯಾಟಿನೊ ಮೂಲದವರು, ಅಮೆರಿಕದ ಮೂಲನಿವಾಸಿಗಳು. ಇಲ್ಲಿ ನಿನ್ನನ್ನು ಒಂದು ಪಟ್ಟಿಗೂ ನನ್ನನ್ನು ಇನ್ನೊಂದಕ್ಕೂ ಸೇರಿಸಿದ್ದರು. ಅಲ್ಲಿ ಇಬ್ಬರೂ ಅರ್ಜಿಯ ‘ಏಷ್ಯನ್’ ಎಂಬ ಒಂದೇ ಚೌಕದೊಳಗೆ. ಸಾಲದ್ದಕ್ಕೆ, ಅಲ್ಲಿನ ಸರ್ಕಾರದ ಹಣದಲ್ಲಿ ಕೊಡುವ ಎಷ್ಟೋ ಫೆಲೋಶಿಪ್‌ಗಳು ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಅರ್ಜಿ ತುಂಬುವ ಮೊದಲು ಆ ಸಾಲನ್ನು ಹುಡುಕು.

ಇದು ಅನ್ಯಾಯ ಎಂದು ನಾನೂ ಮೊದಲ ವರ್ಷ ಗೊಣಗಿದ್ದೆ. ಆಮೇಲೆ ತಿಳಿಯಿತು: ಯೂಫೀಮಿಯಾ ಲಾಫ್ಟನ್ ಹೇನ್ಸ್ ಅವರಿಗೆ ಗಣಿತದಲ್ಲಿ ಪಿಎಚ್‌.ಡಿ. ಸಿಕ್ಕಿದ್ದು 1943ರಲ್ಲಿ. ಅದಕ್ಕೆ ಮೊದಲು ಆ ದೇಶದ ಒಬ್ಬ ಕಪ್ಪು ಮಹಿಳೆಗೂ ಅದು ದಕ್ಕಿರಲಿಲ್ಲ. ಗೊಣಗಾಟ ನಿಲ್ಲಿಸಿದೆ.

ನಿನ್ನ ಕಷ್ಟ ಬೇರೆ ಕಡೆಯಿಂದ ಬರುತ್ತದೆ. ಮೊದಲ ಸೆಮಿಸ್ಟರಿನಲ್ಲೇ, ಒಂದು ಅಂದಾಜು ಎಷ್ಟು ನಿಖರವಾಗಬಲ್ಲದು ಎಂಬುದಕ್ಕೆ ಮಿತಿ ಹೇಳುವ ಸೂತ್ರವನ್ನು ಕ್ರಾಮರ್-ರಾವ್ ಎಂದು ಬೋರ್ಡಿನ ಮೇಲೆ ಬರೆಯುತ್ತಾರೆ. ಆ ರಾವ್, ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್. ಹೆಮ್ಮೆಯಾಗುತ್ತದೆ, ಆಗಲಿ. ಆದರೆ ಭಾರತದವಳಲ್ಲವೇ, ಗಣಿತ ಬಂದೇ ಬರುತ್ತದೆ ಎಂದು ಎಲ್ಲರೂ ನಂಬಿಬಿಟ್ಟಿರುತ್ತಾರೆ. ನೀನು ಮುಳುಗುತ್ತಿದ್ದರೂ ಯಾರೂ ವಿಚಾರಿಸುವುದಿಲ್ಲ. ನನ್ನನ್ನು ಇಲ್ಲಿನ ಕಾಲೇಜಿನಲ್ಲಿ ‘ಮೀಸಲಾತಿಯವಳು’ ಎಂದು ಅನುಮಾನದಿಂದ ನೋಡಿದ್ದರು. ಅಲ್ಲಿ ಅನುಮಾನವೇ ಇಲ್ಲದೆ ನೋಡಿದರು. ಎರಡು ಕಡೆಯೂ ನಾನು ಬಾಯಿ ಬಿಡಲಿಲ್ಲ. ಅಲ್ಲಿ ಪಿಎಚ್‌.ಡಿ. ಮುಂದುವರಿಸಲು ಪಾಸಾಗಬೇಕಾದ ಅರ್ಹತಾ ಪರೀಕ್ಷೆಯಲ್ಲಿ ಫೇಲಾದೆ. ಬಸ್ ಕಂಡಕ್ಟರ್ ಆಗಿದ್ದ ಅಪ್ಪನಿಗೆ ಫೋನಿನಲ್ಲಿ ‘ಫಲಿತಾಂಶ ಇನ್ನೂ ಬಂದಿಲ್ಲ’ ಎಂದೆ.

ಕೈಹಿಡಿದವಳು ನನ್ನದೇ ತರಗತಿಯ ಒಬ್ಬ ಕಪ್ಪು ಹುಡುಗಿ. ಪಿಎಚ್‌.ಡಿ. ಸೇರಲಿರುವ ಹೆಣ್ಣುಮಕ್ಕಳಿಗೆ ಬೇಸಿಗೆಯಲ್ಲಿ ತಯಾರಿ ಕೊಡುವ ‘ಎಡ್ಜ್’ ಎಂಬ ಕಾರ್ಯಕ್ರಮವಿದೆ. ಸಿಲ್ವಿಯಾ ಬೋಜ್‌ಮನ್ ಮತ್ತು ರೋಂಡಾ ಹ್ಯೂಸ್ ಎಂಬ ಇಬ್ಬರು ಗಣಿತಜ್ಞೆಯರು 1998ರಲ್ಲಿ ಶುರುಮಾಡಿದ್ದು. ಇವಳು ಅದರಲ್ಲಿ ಪಳಗಿ ಬಂದಿದ್ದಳು. ನೆಲಮಾಳಿಗೆಯ ಖಾಲಿ ತರಗತಿಗೆ ಕರೆದೊಯ್ದು ಕೈಗೆ ಸೀಮೆಸುಣ್ಣ ಕೊಟ್ಟಳು. ಸಂಭವನೀಯತೆಯ ಪಾಠದಲ್ಲಿ ಬರುವ ಬೋರೆಲ್-ಕ್ಯಾಂಟೆಲಿಯ ಎರಡನೆಯ ಪ್ರಮೇಯದ ಸಾಧನೆಯನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದವಳು ನಾನು, ಗಡಗಡನೆ ಬರೆದೆ. ಮೂರನೆಯ ಸಾಲಿಗೆ ಬೆರಳಿಟ್ಟು, ಈ ಸಂಭವನೀಯತೆಗಳನ್ನು ಗುಣಿಸಿದ್ದು ಯಾವ ಧೈರ್ಯದ ಮೇಲೆ ಎಂದು ಕೇಳಿದಳು. ಘಟನೆಗಳು ಪರಸ್ಪರ ಸ್ವತಂತ್ರವಾಗಿರಬೇಕು ಎಂಬ ಷರತ್ತನ್ನೇ ನಾನು ಬರೆದಿರಲಿಲ್ಲ. ಉತ್ತರವನ್ನು ಅವಳು ಹೇಳಲಿಲ್ಲ, ಕಾದಳು. ಹತ್ತು ನಿಮಿಷವಾದರೂ ಆಗಿರಬೇಕು, ಕಿವಿಯವರೆಗೆ ಬಿಸಿ ಏರಿತ್ತು. ಮರುವಾರದಿಂದ ನಾವು ನಾಲ್ವರಾದೆವು. ಎರಡನೆಯ ಸಲ ಪಾಸಾದೆ.

ಆದ್ದರಿಂದ ಅಲ್ಲಿಗೆ ಹೋದ ಮೊದಲ ವಾರವೇ ಇಂಥ ಗುಂಪನ್ನು ಹುಡುಕಿಕೋ. 1971ರಲ್ಲಿ ಹುಟ್ಟಿದ ಗಣಿತ ಮಹಿಳೆಯರ ಸಂಘಕ್ಕೆ (ಅಸೋಸಿಯೇಷನ್ ಫಾರ್ ವಿಮೆನ್ ಇನ್ ಮ್ಯಾಥಮ್ಯಾಟಿಕ್ಸ್) ಅನೇಕ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಶಾಖೆಗಳಿವೆ. ಅಲ್ಲಿ ಯಾರೂ ನಿನ್ನ ಚೌಕ ಕೇಳುವುದಿಲ್ಲ. ಈಚಿನ ರಾಜಕೀಯದಿಂದ ಇಂಥ ಕೆಲವು ಕಾರ್ಯಕ್ರಮಗಳ ಹಣಕ್ಕೆ ಕತ್ತರಿ ಬಿದ್ದಿದೆ, ವಿಚಾರಿಸಿಕೊಂಡೇ ನೆಚ್ಚಿಕೋ.

ಹಣದ ಮಾತು ಬೇಗ ಮುಗಿಸುತ್ತೇನೆ. ಪಾಠ ಹೇಳಿಕೊಟ್ಟರೆ ಶುಲ್ಕ ಮಾಫಿಯಾಗಿ ಕೈಗಿಷ್ಟು ಸಂಬಳ ಬರುತ್ತದೆ. ಮೊದಲ ಸಂಬಳ ತಡವಾಗುವುದುಂಟು. ಮನೆ ಮುಂಗಡಕ್ಕೂ ಒಂದೂವರೆ ತಿಂಗಳ ಊಟಕ್ಕೂ ಇಲ್ಲಿಂದಲೇ ಒಯ್ಯಿ. ಕನ್ನಡಿಗರ ಹಬ್ಬದೂಟಕ್ಕೆ ಖಂಡಿತ ಹೋಗು. ‘ಬೆಂಗಳೂರಲ್ಲಿ ಯಾವ ಕಡೆ, ಮನೆಯಲ್ಲಿ ಅಡುಗೆ ಏನು ಮಾಡುತ್ತೀರಿ’ ಎಂಬ ಪ್ರಶ್ನೆ ಸಮುದ್ರ ದಾಟಿಯೂ ಬಂದಿದೆ. ನಾನು ‘ಚೆನ್ನಾಗಿ ಮಾಡುತ್ತೇವೆ’ ಎನ್ನುತ್ತೇನೆ.

ಈ ತಿಂಗಳ ಕೊನೆಯವರೆಗೆ ತವರಿನಲ್ಲೇ ಇರುತ್ತೇನೆ. ಕಬ್ಬನ್ ಪಾರ್ಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಮಾಗಡಿ ರಸ್ತೆಯಲ್ಲಿ ಇಳಿ. ಅಮ್ಮನನ್ನೂ ಕರೆದುಕೊಂಡು ಬಾ. ನಿನ್ನ ಎದುರು ಕೇಳಲಾಗದ ಪ್ರಶ್ನೆಗಳು ಅವರಿಗಿರುತ್ತವೆ. ನನ್ನ ಅಮ್ಮ ಉತ್ತರ ಕೊಡುತ್ತಾರೆ.