221 ಎಂಬುದು ಉಷ್ಣತೆಯಲ್ಲ, ಮಾಸ್ಟ್ರೇ

ಪತ್ರ: ನಿಮ್ಮ ಲೇಖನದಲ್ಲಿ, ಚಿನ್ನದ ಪರಮಾಣು ಬೀಜಗಳ ಡಿಕ್ಕಿಯಲ್ಲಿ ಹೊಮ್ಮಿದ ಬೆಳಕಿನಿಂದ ಒಳಗಿನ ಉಷ್ಣತೆ 221 ಎಂಇವಿ (ಮಿಲಿಯನ್ ಇಲೆಕ್ಟ್ರಾನ್ ವೋಲ್ಟ್, ಇಲ್ಲಿ ಉಷ್ಣತೆಯನ್ನು ಹೇಳುವ ಶಕ್ತಿಯ ಮಾನ) ಎಂದು ತಿಳಿಯಿತು ಎಂದಷ್ಟೇ ಬರೆದರೆ ಸಾಕಿತ್ತು. ಸ್ನಿಗ್ಧತೆ (ದ್ರವದ ಒಳತಿಕ್ಕಾಟ), ಅದಕ್ಕಾಗಿ ತಿದ್ದುಪಡಿ ಎಂದೆಲ್ಲ ಶಾಲಾ ಮಕ್ಕಳಿಗೆ ಯಾಕೆ?
(ವಿಜ್ಞಾನ ಅಧ್ಯಾಪಕರೊಬ್ಬರು, ಬದಿಯಡ್ಕ)

ಸಂಪಾದಕರ ಉತ್ತರ: ಬರಹ ಸರಳವಾಗಿರಬೇಕೆಂಬುದು ಒಪ್ಪತಕ್ಕ ಮಾತು. ಆದರೆ ಆ ಸಂಖ್ಯೆಯನ್ನು ಒಂಟಿಯಾಗಿ ಬಿಟ್ಟರೆ ಓದುಗರಿಗೆ ತಪ್ಪನ್ನೇ ಕಲಿಸಿದಂತೆ.

ಈ ಡಿಕ್ಕಿಗಳನ್ನು ಅಳೆದ ಫೀನಿಕ್ಸ್ ಪ್ರಯೋಗದ ತಂಡ 2010ರಲ್ಲಿ ಪ್ರಕಟಿಸಿದ 221, ಫೋಟಾನ್ (ಬೆಳಕಿನ ಕಣ) ರೋಹಿತದ ಇಳಿಜಾರಿನಿಂದ, ಅಂದರೆ ಶಕ್ತಿ ಹೆಚ್ಚಿದಂತೆ ಫೋಟಾನ್‌ಗಳ ಸಂಖ್ಯೆ ಇಳಿಯುವ ಬಗೆಯಿಂದ, ಬಂದದ್ದು. ಅದೂ ಪಯಾನ್ ಮುಂತಾದ ಅಲ್ಪಾಯುಷಿ ಕಣಗಳು ಒಡೆದು ಬರುವ ಫೋಟಾನ್‌ಗಳ ರಾಶಿಯನ್ನು ಕಳೆದ ಮೇಲೆ. ಡಿಕ್ಕಿಯಲ್ಲಿ ಬೀಜಗಳು ಕರಗಿ, ಅವುಗಳ ಒಳಗಿನ ಕಣಗಳಾದ ಕ್ವಾರ್ಕ್, ಗ್ಲುಆನ್‌ಗಳ ದ್ರವವಾಗುತ್ತದೆ. ಆ ಕಣಗಳನ್ನು ಹಿಡಿದಿಡುವ ಪ್ರಬಲ ಬಲದ ಹಂಗು ಫೋಟಾನ್‌ಗಿಲ್ಲ, ಹುಟ್ಟಿದೊಡನೆ ದ್ರವದಿಂದ ಪಾರಾಗುತ್ತದೆ. ಹಾಗಾಗಿ ಕುದಿಯುವ ಆರಂಭದ ಬೆಳಕೂ ಆರುವ ಹೊತ್ತಿನ ಬೆಳಕೂ ಅದರಲ್ಲಿ ಬೆರೆತಿವೆ. ದ್ರವ ನಮ್ಮತ್ತ ಬೆಳಕಿನ ಅರ್ಧ ವೇಗದಲ್ಲಿ ಹರಿದರೆ 130 ಎಂಇವಿಯ ಭಾಗವೂ 225ರಂತೆ ಕಾಣುತ್ತದೆ.

ಸ್ನಿಗ್ಧತೆ ಲೆಕ್ಕದ ಎರಡು ಕಡೆ ಕೈಯಾಡಿಸುತ್ತದೆ. ಒಂದು, ಹರಿವಿನಲ್ಲಿ: ಒಳತಿಕ್ಕಾಟದಿಂದ ಎಂಟ್ರೊಪಿ (ಅಸ್ತವ್ಯಸ್ತತೆಯ ಅಳತೆ) ಹೆಚ್ಚಿ ದ್ರವ ನಿಧಾನವಾಗಿ ತಣಿಯುತ್ತದೆ. ಇನ್ನೊಂದು, ಫೋಟಾನ್ ಹುಟ್ಟುವ ದರದಲ್ಲಿ: ಕ್ವಾರ್ಕ್, ಗ್ಲುಆನ್‌ಗಳ ಸಂವೇಗದ ಹಂಚಿಕೆ (ಯಾವ ಸಂವೇಗದ ಕಣಗಳು ಎಷ್ಟು ಎಂಬುದು) ಸಮತೋಲದಿಂದ ಸರಿದಿರುತ್ತದೆ. ಮೊದಲನೆಯದನ್ನು ಹಾಕಿ ಎರಡನೆಯದನ್ನು ಬಿಟ್ಟರೆ ಲೆಕ್ಕ ಅರೆಬರೆ. ದ್ರವವನ್ನು ಸಣ್ಣ ಸಣ್ಣ ಕೋಶಗಳಾಗಿ ಮಾಡಿ, ಪ್ರತಿ ಕೋಶದ ಉಷ್ಣತೆ, ವೇಗ, ಜಾರು ಒತ್ತಡ (ದ್ರವದ ಪದರಗಳು ಒಂದರ ಮೇಲೊಂದು ಜಾರುವಾಗಿನ ಒತ್ತಡ) ಮೂರನ್ನೂ ಹಿಡಿದು, ಕೋಶದ ಜೊತೆಗೇ ಚಲಿಸುವ ಚೌಕಟ್ಟಿನಲ್ಲಿ ದರ ಕಂಡು ಕೂಡಿಸಬೇಕು. ರೂಢಿಯ ಸೂತ್ರದಲ್ಲಿ ಈ ಹಂಚಿಕೆಗೆ ಮಾಡುವ ತಿದ್ದುಪಡಿ ಸಂವೇಗದ ವರ್ಗದಂತೆ ಬೆಳೆಯುತ್ತದೆ. ಶಕ್ತಿ ತೀರಾ ಹೆಚ್ಚಾದಲ್ಲಿ ಹಂಚಿಕೆಯೇ ಸೊನ್ನೆಗಿಂತ ಕೆಳಗಿಳಿದೀತು. ಅಲ್ಲಿಂದಾಚೆ ಉತ್ತರವನ್ನು ನಂಬಬಾರದು. ದ್ರವದ ವೇಗ ಜಾಗದಿಂದ ಜಾಗಕ್ಕೆ ತೀವ್ರವಾಗಿ ಬದಲಾಗುವ ಆರಂಭದ ಗಳಿಗೆಯಲ್ಲೇ ಈ ತಿದ್ದುಪಡಿ ದೊಡ್ಡದು, ಆ ಗಳಿಗೆಯ ಸಾಕ್ಷಿ ಫೋಟಾನೇ. ಸ್ನಿಗ್ಧತೆ ಫೋಟಾನ್‌ಗಳ ದೀರ್ಘವೃತ್ತೀಯ ಹರಿವನ್ನು, ಅಂದರೆ ಒಂದು ದಿಕ್ಕಿಗೆ ಹೆಚ್ಚು, ಅದರ ಅಡ್ಡ ದಿಕ್ಕಿಗೆ ಕಡಿಮೆ ಹೊಮ್ಮುವುದನ್ನು, ತಗ್ಗಿಸುತ್ತದೆ. ಅಳತೆಯಲ್ಲಿ ಅದು ಲೆಕ್ಕಕ್ಕಿಂತ ದೊಡ್ಡದಾಗಿ ಸಿಕ್ಕಿದ್ದು ವರ್ಷಗಟ್ಟಲೆ ಕಾಡಿದ ಕಗ್ಗಂಟು. ತಿದ್ದುಪಡಿಯನ್ನು ಮುಚ್ಚಿಟ್ಟರೆ ಈ ಕಗ್ಗಂಟನ್ನು ಮಕ್ಕಳಿಗೆ ಹೇಳುವುದಾದರೂ ಹೇಗೆ?

ಕನ್ನಡದಲ್ಲಿ ವಿಜ್ಞಾನವೆಂದರೆ ಬೆರಗು ಸಾಕು, ಲೆಕ್ಕ ಇಂಗ್ಲಿಷಿಗಿರಲಿ ಎಂಬ ಧೋರಣೆ ನಮ್ಮ ಕಾಸರಗೋಡಿಗೂ ಹಬ್ಬಿದೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ಕಳಿಸಿದಾಗ ಬೀದಿಗಿಳಿಯುವ ನಾವು, ತರಗತಿಯೊಳಗೆ ಕನ್ನಡದಲ್ಲಿ ಏನು ಕಲಿಸುತ್ತೇವೆಂದು ಕೇಳಿಕೊಳ್ಳುವುದು ಕಡಿಮೆ. ನಿಮ್ಮಂಥ ಆಸ್ಥೆಯುಳ್ಳ ಅಧ್ಯಾಪಕರೇ ಹಿಂಜರಿದರೆ ಹೇಗೆ? ದ್ರವದ ವೇಗವನ್ನು ಬೆಳಕಿನ ವೇಗದ ಪಾಲಾಗಿ ತೆಗೆದುಕೊಳ್ಳಿ. ಒಂದಕ್ಕೆ ಅದನ್ನು ಕೂಡಿಸಿ, ಒಂದರಿಂದ ಅದನ್ನೇ ಕಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ವರ್ಗಮೂಲ ತೆಗೆದರೆ ಉಷ್ಣತೆ ಎಷ್ಟು ಪಟ್ಟು ಹಿಗ್ಗಿ ಕಾಣುತ್ತದೆಂದು ಸಿಗುತ್ತದೆ. ಅರ್ಧ ವೇಗಕ್ಕೆ 1.73 ಪಟ್ಟು. ಹತ್ತನೇ ತರಗತಿಯವರು ಬೋರ್ಡಿನ ಮೇಲೆ ಮಾಡಬಲ್ಲ ಲೆಕ್ಕವಿದು, ಮಾಡಿಸಿ ನೋಡಿ.