ಆಪ್ತಸಲಹೆ ಪ್ರಕರಣ: ಶಾರ್ಟೇಜ್ ಯಾರ ತಲೆಗೆ?

ಸಲಹೆಗೆ ಬಂದವರು ಹಲವು ಊರುಗಳಲ್ಲಿ ಶಾಖೆಗಳಿರುವ ಸರಪಳಿ ಅಂಗಡಿಯೊಂದರ ಮ್ಯಾನೇಜರ್. ಅವರನ್ನು ಇಲ್ಲಿ ಶರಣು ಎನ್ನುತ್ತೇನೆ. ಹೆಸರು, ವಯಸ್ಸು, ಊರು, ಅಂಗಡಿಯ ಗುರುತು ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ. ಬರೆದದ್ದನ್ನು ಓದಿ ಹೇಳಿದಾಗ, "ನನ್ನಂಥೋರು ಭಾಳ ಮಂದಿ ಅದಾರ್ರಿ ಮೇಡಂ, ಹಾಕ್ರಿ" ಅಂದರು.

ಏಪ್ರಿಲ್ ಕೊನೆಯ ವಾರದ ಒಂದು ಮಧ್ಯಾಹ್ನ ಬಂದರು. ಕಲಬುರಗಿಯ ಆ ಬಿಸಿಲಿನಲ್ಲಿ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ, ಆದರೆ ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವುದೂ ಅದೇ ಎರಡು ತಾಸು. ಕೊರಳಲ್ಲಿದ್ದ ಗುರುತಿನ ಚೀಟಿ ತೆಗೆದು ಜೇಬಿಗೆ ಹಾಕಿಕೊಂಡು ಕೂತರು. ನಿದ್ದೆ ಇಲ್ಲ, ಎದೆ ಬಿಗಿಯುತ್ತದೆ, ಊಟ ಮಾಡಿದ್ದು ಮೈಗೆ ಹತ್ತುವುದಿಲ್ಲ. ದಿನಕ್ಕೆ ಹತ್ತು ಚಹಾ, ಜೊತೆಗೆ ಬಿಟ್ಟಿದ್ದ ಗುಟ್ಕಾ ಮತ್ತೆ ಶುರುವಾಗಿದೆ. ಎದೆಯ ಮಾತು ಬಂದ ಮೇಲೆ ಮೊದಲು ವೈದ್ಯರ ಹತ್ತಿರ ಕಳಿಸಿದೆ. ಇಸಿಜಿಯಲ್ಲಿ ದೋಷವಿರಲಿಲ್ಲ, ಬಿಪಿ ಸ್ವಲ್ಪ ಹೆಚ್ಚಿತ್ತು. ಜೀವ ಬೇಡ ಅನಿಸಿದೆಯೇ ಎಂದೂ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಹಲವರು ಹೆದರುತ್ತಾರೆ. ಹುಟ್ಟುವುದಿಲ್ಲ. "ಅಲ್ಲೀತನ ಹೋಗಿಲ್ರಿ" ಅಂದರು. ಆದರೂ ರಾತ್ರಿ ಹೊತ್ತಿಗೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವರ ಫೋನಿನಲ್ಲಿ ಅವರ ಕೈಯಿಂದಲೇ ಸೇವ್ ಮಾಡಿಸಿದೆ.

ಶರಣು ಹನ್ನೆರಡು ವರ್ಷದ ಹಿಂದೆ ಅದೇ ಸರಪಳಿ ಅಂಗಡಿಯಲ್ಲಿ ಚೀಲ ಇಳಿಸುವ ಕೆಲಸಕ್ಕೆ ಸೇರಿದವರು. ತಂದೆಗೆ ಸ್ವಲ್ಪ ತೊಗರಿ ಹೊಲ. ಬಿಲ್ಲಿಂಗ್, ಆಮೇಲೆ ಸೂಪರ್‌ವೈಸರ್, ಈಗ ಎರಡು ವರ್ಷದಿಂದ ಸ್ಟೋರ್ ಮ್ಯಾನೇಜರ್. ಕೆಲಸದಲ್ಲಿ ಖುಷಿ ಕೊಡುವುದು ಯಾವುದು ಎಂದು ಕೇಳಿದಾಗ ಮೊದಲು ಬೆರಗಾದರು, ಆಮೇಲೆ ಮಾತು ನಿಲ್ಲಲಿಲ್ಲ. ಎಳ್ಳ ಅಮಾವಾಸ್ಯೆಗೆ ಹದಿನೈದು ದಿನ ಮೊದಲೇ ಸಜ್ಜೆ, ಜೋಳ, ಶೇಂಗಾ, ಬೆಲ್ಲ ಬಾಗಿಲ ಎದುರಿಗೆ ಬರುವಂತೆ ಜೋಡಿಸುವುದು. ತೊಗರಿ ಮಾರಿ ಕೈಯಲ್ಲಿ ದುಡ್ಡಿರುವ ರೈತ ಮನೆಮಂದಿಯನ್ನೆಲ್ಲ ಟಂಟಂನಲ್ಲಿ ಕರೆತಂದು, "ಶರಣಪ್ಪ ಎಲ್ಲಿ ಅದಾನ?" ಎಂದು ಹೆಸರು ಹಿಡಿದು ಕೇಳುವುದು. ಅವರ ಕೈಯಲ್ಲಿ ಬಿಲ್ಲಿಂಗ್ ಕಲಿತ ಮೂವರು ಇಂದು ಬೇರೆ ಊರುಗಳಲ್ಲಿ ಮ್ಯಾನೇಜರ್. ಇದನ್ನೆಲ್ಲ ಹೇಳುವಾಗ ಅವರ ಬೆನ್ನು ನೆಟ್ಟಗಾಗಿತ್ತು. ಈ ಕೆಲಸ ಬಿಡು ಎಂದು ಅವಸರದಲ್ಲಿ ಹೇಳಬಾರದು ಎಂದು ನಾನು ನಿಶ್ಚಯಿಸಿದ್ದು ಆಗಲೇ.

ಸಂಕಟದ ಹೆಸರು ಶಾರ್ಟೇಜ್. ಕಂಪ್ಯೂಟರಿನಲ್ಲಿ ಇರಬೇಕಾದ ಸರಕಿಗೂ ರ್‍ಯಾಕಿನ ಮೇಲೆ ಇರುವ ಸರಕಿಗೂ ಬರುವ ವ್ಯತ್ಯಾಸ. ಕಂಪನಿ ಇಷ್ಟು ಎಂದು ಮಿತಿ ಇಡುತ್ತದೆ, ಮಿತಿ ದಾಟಿದರೆ ಏರಿಯಾ ಮ್ಯಾನೇಜರ್ ಎಲ್ಲ ಊರಿನ ಮ್ಯಾನೇಜರುಗಳಿರುವ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಂಗಡಿಯ ಹೆಸರು ಕೆಂಪಕ್ಷರದಲ್ಲಿ ಹಾಕುತ್ತಾರೆ. "ಹ್ಯಾಂಗರೆ ಮಾಡಿ ಸರಿ ಮಾಡ್ರಿ" ಎಂದು ಒಂದು ಸಲ ಫೋನಿನಲ್ಲಿ ಹೇಳಿದರಂತೆ. ಶರಣು ಸರಿ ಮಾಡಿದ್ದು ತಮ್ಮ ಕಿಸೆಯಿಂದ. ಇಲ್ಲದ ಸಾಮಾನನ್ನು ತಮ್ಮ ಹೆಸರಿಗೆ ಬಿಲ್ ಮಾಡಿ ದುಡ್ಡು ಕಟ್ಟಿದರು. ಎಂಟು ತಿಂಗಳಲ್ಲಿ ಸುಮಾರು 38,000 ರೂಪಾಯಿ. ಸಂಬಳ 26,000. ಹೆಂಡತಿಗೆ ಹೇಳದೆ ಭಿಶಿ, ಅಂದರೆ ಚೀಟಿಯ ದುಡ್ಡು, ಎತ್ತಿ ಕಟ್ಟಿದ್ದೂ ಅದರಲ್ಲಿ ಸೇರಿದೆ.

"ನಾ ಕಳ್ಳ ಅಲ್ರಿ ಮೇಡಂ. ಆದ್ರ ತಿಂಗಳ ಕೊನಿಗಿ ಆ ನಂಬರ್ ನೋಡಿದ್ರ, ನಾನೇ ಕದ್ದೀನೇನೋ ಅನಸ್ತದ."

ಎರಡು ಭೇಟಿ ಇದೇ ಮಾತಿನಲ್ಲಿ ಹೋದವು. ನಿದ್ದೆಗೆಟ್ಟದ್ದಕ್ಕೆ ಇಷ್ಟೇ ಕಾರಣ ಎಂದು ನಾನೂ ನಂಬಿದ್ದೆ. ಮೂರನೆಯ ಸಲ ಬಂದಾಗ, ಎದ್ದು ಹೊರಡುವ ಹೊತ್ತಿಗೆ, ಬಾಗಿಲ ಹತ್ತಿರ ನಿಂತು ಹೇಳಿದರು. ಜನವರಿಯಲ್ಲಿ ಒಂದು ದುಬಾರಿ ಕ್ರೀಮಿನ ಆರು ಡಬ್ಬಿ ಲೆಕ್ಕಕ್ಕೆ ಸಿಗಲಿಲ್ಲ. ಆ ದಿನ ಗುಂಪಿನಲ್ಲಿ ಬೈಗುಳ ಬಿದ್ದಿತ್ತು. ರಾತ್ರಿ ಅಂಗಡಿ ಮುಚ್ಚುವಾಗ ಬಿಲ್ಲಿಂಗ್ ಕೌಂಟರಿನ ಒಬ್ಬ ಹುಡುಗಿಯ ಬ್ಯಾಗನ್ನು, ಎಲ್ಲರ ಎದುರಿಗೆ, ಮೇಜಿನ ಮೇಲೆ ಬೋರಲು ಹಾಕಿಸಿದರು. ಊಟದ ಡಬ್ಬಿ, ಬಸ್ ಪಾಸ್, ಅವಳು ಯಾರಿಗೂ ತೋರಿಸಲು ಬಯಸದ ತಿಂಗಳಿನ ವಸ್ತು. ಕ್ರೀಮ್ ಇರಲಿಲ್ಲ. ಮರುದಿನದಿಂದ ಹುಡುಗಿ ಬರಲಿಲ್ಲ. ಎರಡು ವಾರದ ಮೇಲೆ ಸಿಕ್ಕಿತು ಉತ್ತರ: ಅದೇ ಕಂಪನಿಯ ಬೇರೆ ಬಗೆಯ ಕ್ರೀಮು, ಕಂಪ್ಯೂಟರ್ ತೋರಿಸುವುದಕ್ಕಿಂತ ಆರು ಡಬ್ಬಿ ಹೆಚ್ಚಾಗಿ ಅಂಗಡಿಯಲ್ಲಿತ್ತು. ಗಿರಾಕಿ ಎರಡು ಬಗೆಯ ಡಬ್ಬಿ ತಂದಾಗ ಯಾರೋ ಒಂದನ್ನೇ ಸ್ಕ್ಯಾನ್ ಮಾಡಿ ಸಂಖ್ಯೆ ಒತ್ತಿದ್ದರು.

"ಅಕಿ ನನ್ನ ಮುಖ ನೋಡ್ಲಿಲ್ರಿ. ಬರೇ ಡಬ್ಬಿ ಎತ್ತಿಕೊಂಡು ಹೋದಳು."

ಅವರನ್ನು ಮತ್ತೆ ಕೂರಿಸಿದೆ. ಮುಂದಿನವರಿಗೆ ಅರ್ಧ ತಾಸು ಕಾಯಲು ಹೇಳಿದೆ.

ಮೇಲಿನಿಂದ ಅವಮಾನ ಬಂದಾಗ ಅದನ್ನು ಕೆಳಗಿನವರಿಗೆ ಇಳಿಸುವುದು ನಾನು ಈ ಕೋಣೆಯಲ್ಲಿ ಎಷ್ಟೋ ಸಲ ಕೇಳಿದ ಕಥೆ. ಆದರೆ ಅದಕ್ಕೆ ಕಾರಣ ವಿವರಿಸಿ ಅವರನ್ನು ಹಗುರ ಮಾಡುವುದು ನನಗೆ ಸರಿ ಕಾಣಲಿಲ್ಲ. ಒತ್ತಡ ನಿಜ. ಬ್ಯಾಗ್ ಬೋರಲು ಹಾಕಿಸಿದ್ದು ಮಾತ್ರ ಅವರ ಕೈ. ಈ ಎರಡನ್ನೂ ಬೇರೆಬೇರೆಯಾಗಿ ಹಿಡಿಯಬೇಕು ಎಂದೆ. ತನ್ನದಲ್ಲದ ಶಾರ್ಟೇಜಿಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದ ಮನುಷ್ಯ, ತನ್ನದೇ ಆದ ಒಂದು ತಪ್ಪಿಗೆ ಏನೂ ಕಟ್ಟಿರಲಿಲ್ಲ. ನಿದ್ದೆ ಕೆಟ್ಟದ್ದು ಇಲ್ಲಿ ಎಂದು ನನಗೆ ಅನಿಸಿತು, ಅನಿಸಿದ್ದನ್ನು ಹೇಳಿದೆ. ಅವರು ಬಹಳ ಹೊತ್ತು ಅತ್ತರು.

ಮುಂದಿನ ಭೇಟಿಗಳಲ್ಲಿ ಕೊಟ್ಟ ಸಲಹೆಯಲ್ಲಿ ಮೊದಲನೆಯದು, ಕಿಸೆಯಿಂದ ಕಟ್ಟುವುದು ಇಂದಿಗೇ ನಿಲ್ಲಬೇಕು. ಅದರಿಂದ ಸಂಸಾರ ಬರಿದಾಗುವುದು ಒಂದು ಕಡೆ, ಅಂಗಡಿಯ ನಿಜವಾದ ಸೋರಿಕೆ ಎಲ್ಲಿದೆ ಎಂಬುದೂ ಮುಚ್ಚಿಹೋಗುತ್ತದೆ. ಸರಕು ಅಥವಾ ನಗದು ನಷ್ಟಕ್ಕೆ ಸಂಬಳ ಕಡಿಯಬೇಕಾದರೆ ಅದು ಆ ನೌಕರನ ಅಲಕ್ಷ್ಯ ಅಥವಾ ತಪ್ಪಿನಿಂದಲೇ ಆಗಿರಬೇಕು, ಅವನ ವಿವರಣೆ ಕೇಳಿರಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ನಿಯಮ 2019ರ ವೇತನ ಸಂಹಿತೆಯಲ್ಲೂ ಇದೆ, ಆ ಸಂಹಿತೆ ಮ್ಯಾನೇಜರನ್ನೂ ನೌಕರ ಎಂದೇ ಎಣಿಸುತ್ತದೆ. ನಾನು ವಕೀಲೆಯಲ್ಲ, ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ಎಂದೂ ಸೇರಿಸಿದೆ. ಫೋನಿನ "ಸರಿ ಮಾಡ್ರಿ"ಗೆ ಫೋನಿನಲ್ಲಿ ಉತ್ತರ ಕೊಡದೆ, ಏನು ಮಾಡಬೇಕೆಂದು ಮೇಲ್‌ನಲ್ಲಿ ಬರೆದು ಕೇಳಲು ಹೇಳಿದೆ.

ಎರಡನೆಯದು ಒಂದು ನೂರು ಪುಟದ ನೋಟ್‌ಬುಕ್. ಶಾರ್ಟೇಜ್ ಎಂಬ ಒಂದೇ ದೊಡ್ಡ ಅಂಕಿಯನ್ನು ಒಡೆದು ಬರೆಯುವುದು. ಒಂದು ತಿಂಗಳಲ್ಲಿ ಅವರೇ ಕಂಡುಕೊಂಡದ್ದು ನನಗೂ ಹೊಸದು. ಬೇಸಿಗೆಯಲ್ಲಿ ಈರುಳ್ಳಿ, ತರಕಾರಿ ಒಣಗಿ ತೂಕ ಇಳಿಯುತ್ತವೆ, ಚೀಲ ಬಂದಾಗಿನ ಕಿಲೋ ಮಾರುವಾಗ ಇರುವುದಿಲ್ಲ. ಕರೆಂಟು ಹೋಗಿ ಕರಗಿದ ಐಸ್‌ಕ್ರೀಮನ್ನು ಯಾರೂ ಹಾಳಾದ ಸರಕು ಎಂದು ದಾಖಲಿಸಿರುವುದಿಲ್ಲ. ರಾತ್ರಿ ಬರುವ ಗಾಡಿಯ ಪೆಟ್ಟಿಗೆಗಳನ್ನು ಎಣಿಸದೆ ಸಹಿ ಹಾಕಿರುತ್ತಾರೆ. ಇವೆಲ್ಲ ತೆಗೆದ ಮೇಲೆ ಕಳವು ಎನ್ನಬಹುದಾದದ್ದು ಅವರು ಭಯಪಟ್ಟಿದ್ದರಲ್ಲಿ ಸಣ್ಣ ಪಾಲು. ಆ ಪುಟಗಳ ಫೋಟೋ ತೆಗೆದು ಏರಿಯಾ ಮ್ಯಾನೇಜರಿಗೆ ಕಳಿಸಿದರು. ಎರಡು ದಿನ ಉತ್ತರ ಬರಲಿಲ್ಲ, ಆ ಎರಡು ರಾತ್ರಿ ನನಗೆ ಫೋನ್ ಬಂತು. ಆಮೇಲೆ ತರಕಾರಿಯ ತೂಕ ಇಳಿತಕ್ಕೆ ಬೇರೆ ಲೆಕ್ಕ ಇಡಲು ಒಪ್ಪಿಗೆ ಸಿಕ್ಕಿತು. ಅಷ್ಟೇ ಸಿಕ್ಕಿದ್ದು.

ವಾರದ ರಜೆಯ ದಿನ ಫೋನು ಅಸಿಸ್ಟೆಂಟ್ ಕೈಯಲ್ಲಿ ಇರಬೇಕು, ನಾಲ್ಕು ಗಂಟೆಗೆ ಊಟ ಮಾಡುವುದು ಬಿಡಬೇಕು, ಸಂಜೆ ಆರರ ಮೇಲೆ ಚಹಾ ಬೇಡ. ಇವು ಸಣ್ಣ ಮಾತುಗಳು, ಅರ್ಧದಷ್ಟು ನಡೆದವು.

ಭಿಶಿಯ ವಿಷಯ ಹೆಂಡತಿಗೆ ಹೇಳಿದ ದಿನ ಮನೆಯಲ್ಲಿ ದೊಡ್ಡ ಜಗಳವಾಯಿತು. ಆ ದುಡ್ಡು ಮಗಳ ಶಾಲೆಯ ಫೀಜಿಗೆ ಎಂದು ಎತ್ತಿಟ್ಟದ್ದು. ಒಂದು ಭೇಟಿಗೆ ಇಬ್ಬರನ್ನೂ ಕರೆದೆ. ಆಕೆ ನನಗೆ ಹೇಳಿದ್ದು: "ದುಡ್ಡ ಹೋಗಿದ್ದಕ್ಕ ಸಿಟ್ಟಿಲ್ರಿ ಅಕ್ಕಾರ. ಯಾರೋ ಬೈತಾರಂತ ಅವರಿಗಿ ದುಡ್ಡು ಕೊಡ್ತಾರ, ನನಗ ಒಂದ್ ಮಾತು ಕೊಡಲಿಲ್ಲ." ಅವರ ಸಿಟ್ಟು ನ್ಯಾಯದ್ದು. ಈಗ ಸಂಬಳದ ಲೆಕ್ಕ ಆಕೆಯ ಕೈಯಲ್ಲಿದೆ.

ಉಳಿದದ್ದು ಆ ಹುಡುಗಿ. ಕ್ಷಮೆ ಕೇಳುವುದಾದರೆ ಎಲ್ಲರ ಎದುರಿಗೆ ಮಾಡಿದ್ದಕ್ಕೆ ಎಲ್ಲರ ಎದುರಿಗೇ ಕೇಳಬೇಕು ಎಂದೆ. ಅವಳಿಗೆ ನೋವು ನೆನಪಿಸಲು ಇಷ್ಟವಿಲ್ಲದಿದ್ದರೆ ಬಲವಂತ ಬೇಡ, ಮೊದಲು ಅವಳ ಗೆಳತಿಯ ಮೂಲಕ ಕೇಳಿಸಿ ಎಂದೂ ಹೇಳಿದೆ. ಸಿಬ್ಬಂದಿಯ ಬೆಳಗಿನ ಸಭೆಯಲ್ಲಿ ಶರಣು ತಾವು ಮಾಡಿದ್ದು ತಪ್ಪು ಎಂದರು, ಕ್ರೀಮಿನ ಲೆಕ್ಕ ಹೇಗೆ ತಪ್ಪಿತ್ತು ಎಂಬುದನ್ನೂ ಬಿಡಿಸಿ ಹೇಳಿದರು. ಈಗ ಅಲ್ಲಿ ಬ್ಯಾಗ್ ತಪಾಸಣೆ ಪರದೆಯ ಹಿಂದೆ ನಡೆಯುತ್ತದೆ, ಹೆಣ್ಣುಮಕ್ಕಳದ್ದನ್ನು ಹೆಣ್ಣುಮಕ್ಕಳೇ ನೋಡುತ್ತಾರೆ, ಮ್ಯಾನೇಜರನ ಬ್ಯಾಗೂ ಸರದಿಯಲ್ಲಿರುತ್ತದೆ. ಹುಡುಗಿ ಊರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಕಡೆ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬರಬಹುದು ಎಂದು ಹೇಳಿ ಕಳಿಸಿದ ಮೇಲೆ ಶರಣು ಹೆಂಡತಿಯನ್ನು ಕರೆದುಕೊಂಡು ಹೋದರು.

ಅವಳು ಸೀರೆ ಮಡಚುತ್ತಲೇ ಪೂರ್ತಿ ಕೇಳಿದಳಂತೆ. "ಆಯ್ತ್ರಿ ಸರ್" ಅಂದಳಂತೆ. ಗಿರಾಕಿ ಬಂದರು, ಅತ್ತ ಹೋದಳು.

"ಮಾಫ್ ಮಾಡಿದಳೋ ಇಲ್ಲೋ ತಿಳೀಲಿಲ್ರಿ" ಎಂದು ಶರಣು ಕೇಳಿದರು. ಅದು ಅವಳದ್ದು, ಅವಳ ಹತ್ತಿರವೇ ಇರಲಿ ಎಂದೆ. ದೀಪಾವಳಿಯ ಗದ್ದಲ ಮುಗಿಯುವ ತನಕ ಈ ಕೆಲಸದಲ್ಲಿದ್ದು, ಆಮೇಲೆ ಗಂಡ ಹೆಂಡತಿ ಕೂತು ನೋಟ್‌ಬುಕ್ ಎದುರಿಗಿಟ್ಟುಕೊಂಡು ಮುಂದಿನದು ತೀರ್ಮಾನಿಸುತ್ತಾರೆ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಬುಧವಾರ ಮಧ್ಯಾಹ್ನ ಬರುತ್ತಾರೆ.