ಕ್ರಯಪತ್ರದಲ್ಲಿರುವ ಹೆಬ್ಬೆಟ್ಟು

ಸೈಟು ರಿಜಿಸ್ಟರ್ ಆದಮೇಲೆ ಪತ್ರದಲ್ಲಿರುವ ಬೆರಳಚ್ಚಿನಿಂದ ಬ್ಯಾಂಕಿನ ಹಣ ಹೋಗಬಹುದಾ, ಸರ್ಕಾರ ಏನು ಮಾಡಬೇಕು ಅಂತ ಕೇಳಿದ್ದೀರಿ. ನಿಮ್ಮ ಭಯ ಸುಮ್ನೆ ಅಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಇದೇ ಆಗಿತ್ತು. ನೋಂದಣಿ ಪತ್ರಗಳಿಂದ ಆಧಾರ್ ಸಂಖ್ಯೆ, ಬೆರಳಚ್ಚು ಕದ್ದು ಎಇಪಿಎಸ್ (ಆಧಾರ್ ಸಂಖ್ಯೆ, ಬೆರಳಚ್ಚು ಕೊಟ್ಟು ಬ್ಯಾಂಕ್ ಹಣ ತೆಗೆಯುವ ವ್ಯವಸ್ಥೆ) ಮೂಲಕ ಹಣ ತೆಗೆದರು. ಅದಕ್ಕೆ ಒಟಿಪಿ ಬೇಡ, ಪಿನ್ನೂ ಬೇಡ.

ಆ ಸುದ್ದಿ ಓದಿ ನಮ್ಮ ಮನೆಯ ಪತ್ರ ತೆಗೆದು ನೋಡಿದೆ. ಅಪ್ಪನ ಹೆಬ್ಬೆಟ್ಟಿನ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿದ್ದವು, ಅದೇ ಪತ್ರದಲ್ಲಿ ಆಧಾರ್ ಸಂಖ್ಯೆಯೂ ಪೂರ್ತಿ ಇತ್ತು. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು. ಬೆರಳನ್ನು ಬದಲಾಯಿಸೋಕೆ ಆಗಲ್ಲ ಅಲ್ವಾ?

ಹಾಗಾಗಿ ನನ್ನ ಪ್ರಕಾರ ಮೊದಲ ಕೆಲಸ ಇದು: ಪತ್ರದ ಪ್ರತಿಯಲ್ಲಿ ಬೆರಳಚ್ಚು ಕಾಣಲೇಬಾರದು, ಆಧಾರ್‌ನ ಕೊನೆಯ ನಾಲ್ಕು ಅಂಕಿ ಸಾಕು. ಆ ಪ್ರಕರಣದ ನಂತರ ನೋಂದಣಿ ಇಲಾಖೆ ಬೆರಳಚ್ಚು ಮರೆಮಾಡಲು ಮುಂದಾಯಿತು. ಆದರೆ ಹಳೆಯ ಪತ್ರಗಳಿಗೂ ಇದು ಆಗಬೇಕು.

ಇನ್ನೊಂದು, ಲಾಗ್‌, ಅಂದರೆ ಯಾರು ಯಾವಾಗ ಯಾವ ಪತ್ರ ತೆರೆದರು ಅನ್ನೋ ಕಂಪ್ಯೂಟರ್ ದಾಖಲೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಬೇಕು, ದಾಳಿಯಾದರೆ ಗೊತ್ತಾದ 6 ಗಂಟೆಯೊಳಗೆ ಆ ಸಂಸ್ಥೆಗೆ ತಿಳಿಸಬೇಕು. ಇಟ್ಟರಷ್ಟೇ ಸಾಲದು, ದಿನಾ ನೋಡುವವರು ಬೇಕು. ಒಂದೇ ಲಾಗಿನ್‌ನಿಂದ ನೂರಾರು ಪತ್ರ ಡೌನ್‌ಲೋಡ್ ಆದರೆ ಅವತ್ತೇ ಗೊತ್ತಾಗಬೇಕು.

ನೀವು ಇವತ್ತೇ ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ, ಆಗ ನಿಮ್ಮ ಬೆರಳಚ್ಚನ್ನು ಯಾರೂ ಬಳಸೋಕೆ ಆಗಲ್ಲ. ಬೇಕಾದಾಗ ತೆರೆಯಬಹುದು. ಹಣ ಹೋದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.